ರೆಕ್ಕೆ ಇದೆ, ಬೆಂಕಿಯೂ ಉಗುಳುತ್ತದೆ, ಆದರೂ ಡ್ರ್ಯಾಗನ್ ಅಲ್ವಂತೆ

ಪೊಕೆಮಾನ್ ಕಾರ್ಟೂನು ನೋಡಿ, ಗೇಮ್ ಆಡಿ ಬೆಳೆದ ಇಬ್ಬರನ್ನು ಒಂದು ರೂಮಿನಲ್ಲಿ ಕೂರಿಸಿ, ‘ರೆಕ್ಕೆ ಬಿಚ್ಚಿ ಬೆಂಕಿ ಉಗುಳುವ ಚಾರಿಜಾರ್ಡ್ ಡ್ರ್ಯಾಗನ್ನೋ ಅಲ್ವೋ’ ಅಂತ ಕೇಳಿ, ಬಾಗಿಲು ಎಳೆದುಕೊಂಡು ಹೋಗಿಬಿಡಿ. ಸಂಜೆ ಬಂದು ನೋಡಿದರೂ ಮಾತು ಮುಗಿದಿರುವುದಿಲ್ಲ. ನನಗೂ ನನ್ನ ಗೆಳೆಯನಿಗೂ ಇದೇ ವಿಷಯಕ್ಕೆ ಬಸ್ಸಿನಲ್ಲಿ ಜಗಳ ಹತ್ತಿಕೊಂಡು, ಇಳಿಯಬೇಕಾದ ಸ್ಟಾಪ್ ಯಾವಾಗಲೋ ದಾಟಿಹೋಗಿ, ಕೊನೆಗೆ ಕಂಡಕ್ಟರ್ ಬಂದು ‘ಇಳೀರಿ ಸಾರ್, ಬಸ್ ಇನ್ನು ಮುಂದೆ ಹೋಗಲ್ಲ’ ಅಂದಾಗಲೂ ಅವನ ಬಾಯಲ್ಲಿ ಒಂದೇ ಮಾತು: ‘ಗೇಮಲ್ಲೇ ಬರೆದಿದೆ ಕಣೋ. ಅದರ ಟೈಪ್ ಫೈರ್ ಮತ್ತು ಫ್ಲೈಯಿಂಗ್. ಮುಗೀತು.’

ಎಲ್ಲಿ ಮುಗೀತು? ಗೇಮ್ ಮಾಡಿದವರೇ ಮುಗಿಯೋಕೆ ಬಿಟ್ಟಿಲ್ಲ. 1996ರಲ್ಲಿ ಜಪಾನಿನಲ್ಲಿ ಮೊದಲ ಗೇಮುಗಳು ಬಂದಾಗ ಇದ್ದದ್ದು 151 ಪ್ರಾಣಿಗಳು, 15 ಟೈಪ್‌ಗಳು (ಬೆಂಕಿ, ನೀರು, ಕಲ್ಲು ಅಂತ ಅವುಗಳಿಗೆ ಹಚ್ಚಿದ ಪಂಗಡಗಳು, ಒಂದಕ್ಕೆ ಎರಡೂ ಇರಬಹುದು). ಅದರಲ್ಲಿ ಡ್ರ್ಯಾಗನ್ ಪಟ್ಟ ಸಿಕ್ಕಿದ್ದು ಒಂದೇ ಮನೆತನಕ್ಕೆ: ಡ್ರಾಟಿನಿ, ಡ್ರಾಗನೇರ್, ಡ್ರಾಗನೈಟ್. ಹಾವಿನ ಹಾಗೆ ಉದ್ದಕ್ಕಿರುವ, ಸಿಟ್ಟು ಬಂದರೆ ಊರೂರನ್ನೇ ಸುಡುವ ಗ್ಯಾರಡಾಸ್‌ಗೂ ಸಿಗಲಿಲ್ಲ. ಅದು ವಾಟರ್ ಮತ್ತು ಫ್ಲೈಯಿಂಗ್ ಅಂತೆ. ಹೆಸರಿಗೆ ಫ್ಲೈಯಿಂಗ್, ಆದರೆ ಫ್ಲೈ ಅನ್ನುವ ವಿದ್ಯೆಯನ್ನು ಅದಕ್ಕೆ ಕಲಿಸಲು ಹೋಗಿ ನೋಡಿ, ಬರುವುದೇ ಇಲ್ಲ!

ತಮಾಷೆ ಏನೆಂದರೆ, 1999ರ ಗೇಮುಗಳಲ್ಲಿ ಮೊಟ್ಟೆ ಇಡುವ ವ್ಯವಸ್ಥೆ ಬಂದಾಗ ಚಾರಿಜಾರ್ಡ್ ಮತ್ತು ಗ್ಯಾರಡಾಸ್ ಎರಡನ್ನೂ ಡ್ರ್ಯಾಗನ್ ಮೊಟ್ಟೆ ಗುಂಪಿಗೆ, ಅಂದರೆ ಒಂದಕ್ಕೊಂದು ಜೋಡಿಯಾಗಬಲ್ಲವುಗಳ ಗುಂಪಿಗೆ, ಸೇರಿಸಿದರು. ಸಂಬಂಧ ಬೆಳೆಸುವಾಗ ನೆಂಟರು, ಆಸ್ತಿ ಹಂಚುವಾಗ ‘ಇವರು ಯಾರು?’ ಅನ್ನುವ ಕಥೆ.

ಗೆಳೆಯನ ವಾದ ಪೂರ್ತಿ ಹುರುಳಿಲ್ಲದ್ದೇನೂ ಅಲ್ಲ. ಟೈಪ್ ಅನ್ನುವುದು ರೂಪಕ್ಕಲ್ಲ, ಹೊಡೆದಾಟದ ಲೆಕ್ಕಕ್ಕೆ. ಫೈರ್‌ಗೂ ಫ್ಲೈಯಿಂಗ್‌ಗೂ ಕಲ್ಲೇಟಿನ (ರಾಕ್ ಟೈಪ್ ದಾಳಿಯ) ಪೆಟ್ಟು ಎರಡು ಪಟ್ಟು, ಹಾಗಾಗಿ ಚಾರಿಜಾರ್ಡ್‌ಗೆ ಬೀಳುವುದು ನಾಲ್ಕು ಪಟ್ಟು. ಫೈರ್ ಮತ್ತು ಡ್ರ್ಯಾಗನ್ ಆಗಿದ್ದರೆ ಎರಡೇ ಪಟ್ಟಿಗೆ ಮುಗಿಯುತ್ತಿತ್ತು. ಸರಿ ಅಂತ ನಾನೂ ತಲೆಯಾಡಿಸಿದೆ. 2013ರಲ್ಲಿ ಅದು ಹೊಡೆದಾಟದ ನಡುವೆ ತಾಳುವ ಮೆಗಾ ರೂಪವೊಂದಕ್ಕೆ ಕೊನೆಗೂ ಡ್ರ್ಯಾಗನ್ ಟೈಪ್ ಕೊಟ್ಟರು, ಅದೂ ಆ ಹೊಡೆದಾಟ ಮುಗಿಯುವವರೆಗೆ ಮಾತ್ರ. ಅದನ್ನೂ ಸಹಿಸಿಕೊಂಡೆ. ಅದೇ ವರ್ಷ ಫೇರಿ ಅನ್ನುವ ಹೊಸ ಟೈಪ್ ಬಂದು, ಅಲ್ಲಿಯವರೆಗೆ ನಾರ್ಮಲ್ ಟೈಪ್ ಆಗಿದ್ದ ಕ್ಲೆಫೇರಿ ಅನ್ನುವ ಪೊಕೆಮಾನ್ ರಾತ್ರೋರಾತ್ರಿ ಫೇರಿ ಆಯಿತು. ಇರಲಿ ಬಿಡಿ.

ಆದರೆ 2016ರಲ್ಲಿ ಎಕ್ಸೆಗ್ಯೂಟರ್ ಅನ್ನುವ ಪೊಕೆಮಾನ್ ಗೇಮಿನ ಅಲೋಲ ದ್ವೀಪಗಳಲ್ಲಿ ಬಿಸಿಲು ಕಾಯಿಸಿಕೊಂಡು 10.9 ಮೀಟರ್ ಬೆಳೆದು ಗ್ರಾಸ್ ಮತ್ತು ಡ್ರ್ಯಾಗನ್ ಆಯಿತಲ್ಲ, ಅದನ್ನು ಮಾತ್ರ ನಾನು ಇವತ್ತಿಗೂ ಕ್ಷಮಿಸಿಲ್ಲ. ಅದು ತೆಂಗಿನಮರ ರೀ! ನಡೆದಾಡುವ ತೆಂಗಿನಮರ. ತೆಂಗಿನಮರ ಡ್ರ್ಯಾಗನ್, ರೆಕ್ಕೆ ಬಿಚ್ಚಿ ಬೆಂಕಿ ಉಗುಳುವುದು ಅಲ್ಲ. ಈ ಪ್ರಶ್ನೆಗೆ ಗೆಳೆಯನ ಹತ್ತಿರ ಉತ್ತರವಿಲ್ಲ, ಸುಮ್ನೆ ಮಾತು ಬದಲಾಯಿಸುತ್ತಾನೆ.

ಈ ಹುಚ್ಚು ಅಕ್ಕನ ಮಗನಿಗೂ ಹತ್ತಿದೆ. ಹತ್ತಿಸಿದ್ದು ಯಾರು ಅಂತ ಅಕ್ಕ ಆಗಾಗ ಕೇಳುತ್ತಾಳೆ, ನಾನು ಕಿಟಕಿ ಕಡೆ ನೋಡುತ್ತೇನೆ. ಮೊನ್ನೆ ರಜೆಯಲ್ಲಿ ಅವನ ಗೊಂಬೆಗಳನ್ನು ಟೈಪ್ ಪ್ರಕಾರ ಡಬ್ಬಿಗಳಿಗೆ ತುಂಬೋಣ ಅಂತ ಕೂತೆವು. ಸೈಡಕ್ ಬಂತು. ತಲೆನೋವು ಜಾಸ್ತಿಯಾದಾಗ ಮನಸ್ಸಿನಿಂದಲೇ ವಸ್ತುಗಳನ್ನು ಅಲ್ಲಾಡಿಸುವ ಬಾತುಕೋಳಿ, ಆದರೆ ಟೈಪ್ ಬರೀ ವಾಟರ್. ಸುಡೊವುಡೊ ಬಂತು. ನೋಡಲು ಗಿಡ, ಟೈಪ್ ರಾಕ್, ನೀರು ಕಂಡರೆ ಆಗದು. ಆಮೇಲೆ ಫಿಯೋನಿ. ಮನಾಫಿ ಅನ್ನುವ ಇನ್ನೊಂದು ಪೊಕೆಮಾನ್‌ನ ಮೊಟ್ಟೆಯಿಂದ ಬರುತ್ತದೆ, ಆದರೆ ಎಷ್ಟು ಬೆಳೆಸಿದರೂ ಮನಾಫಿ ಆಗುವುದಿಲ್ಲ. ಇದನ್ನು ಅಪರೂಪದ ಮಿಥಿಕಲ್ ಸಾಲಿಗೆ ಸೇರಿಸಬೇಕೋ ಬೇಡವೋ ಅಂತ ದೊಡ್ಡವರೇ ವರ್ಷಗಟ್ಟಲೆ ಕಿತ್ತಾಡಿದ್ದಾರೆ, ನಾವು ಬಿಡುತ್ತೇವಾ?

ಡಬ್ಬಿಗಳೆಲ್ಲ ಖಾಲಿ, ಗೊಂಬೆಗಳೆಲ್ಲ ನೆಲದ ಮೇಲೆ. ಅಷ್ಟರಲ್ಲಿ ಬಟ್ಟೆ ಹೊತ್ತುಕೊಂಡು ಬಂದ ಅಕ್ಕ ಚಾರಿಜಾರ್ಡ್‌ನ ರೆಕ್ಕೆಯ ಮೇಲೇ ಕಾಲಿಟ್ಟಳು. ಆ ಕೂಗು ಕೇಳಿ ಪಕ್ಕದ ಮನೆಯವರು ಬಂದು ವಿಚಾರಿಸಿ ಹೋದರು. ಅಕ್ಕ ಒಂದು ಗೋಣಿಚೀಲ ತಂದು, ಎಲ್ಲವನ್ನೂ ಬಾಚಿ ತುಂಬಿ, ‘ಎಲ್ಲಾ ಪ್ಲಾಸ್ಟಿಕ್ ಟೈಪ್. ಮುಗೀತು’ ಅಂದಳು.

ಹುಡುಗ ಚೀಲದೊಳಗೆ ಇಣುಕಿ ಮೆಲ್ಲಗೆ ಹೇಳಿದ: ‘ಮಾಮ, ಸೈಡಕ್ ರಬ್ಬರ್ದು ಅಲ್ವಾ?’