ನಾಲ್ಕೂಕಾಲು ಅಂಗುಲದ ಕುಳಿ

ಗಾಲ್ಫ್ ಮೈದಾನದ ಕುಳಿಯ ಅಗಲ ನಾಲ್ಕೂಕಾಲು ಅಂಗುಲ. ಜಗತ್ತಿನ ಯಾವ ಮೂಲೆಗೆ ಹೋದರೂ ಇದೇ ಅಳತೆ. ಇನ್ನು ಅಮೆರಿಕದ ನಾರ್ತ್ ಡಕೋಟಾ ರಾಜ್ಯದ ಎಣ್ಣೆಬಾವಿಯನ್ನು ನೋಡಿ. ಬಾಕೆನ್ ಎಂಬ ಶಿಲಾಪದರ ಮುಟ್ಟಲು ಎರಡು ಮೈಲಿ ಕೆಳಗಿಳಿಯುತ್ತದೆ, ಅಲ್ಲಿಂದ ಅಡ್ಡಕ್ಕೆ ತಿರುಗಿ ಮತ್ತೆರಡು ಮೈಲಿ ತೆವಳುತ್ತದೆ. ಆ ಅಡ್ಡಬಾವಿಗೆ ಇಳಿಸುವ ಉಕ್ಕಿನ ಕೊಳವೆಯ ಅಗಲ ಹಲವು ಕಡೆ ನಾಲ್ಕೂವರೆ ಅಂಗುಲ. ಅಂದರೆ ಎರಡೂ ಹೆಚ್ಚುಕಡಿಮೆ ಒಂದೇ ಕುಳಿ. ಒಂದರೊಳಗೆ ಚೆಂಡು ಬಿದ್ದರೆ ನಾಲ್ವರು ಚಪ್ಪಾಳೆ ತಟ್ಟುತ್ತಾರೆ; ಇನ್ನೊಂದರಿಂದ ಎಣ್ಣೆ ಎದ್ದರೆ ಇಡೀ ಊರು ಬಾಡಿಗೆ ಏರಿಸುತ್ತದೆ.

ವಿಲಿಸ್ಟನ್ ಪಟ್ಟಣದ ಪೂರ್ವಕ್ಕೆ, ರೇ ಎಂಬ ಪುಟ್ಟ ಊರಿನ ಆಸುಪಾಸಿನಲ್ಲಿ, ಸಕಾಕವೀಯಾ ಜಲಾಶಯದ ದಂಡೆಯ ಮೇಲೆ 1990ರ ದಶಕದಲ್ಲಿ ಹದಿನೆಂಟು ಕುಳಿಗಳ ಸೊಗಸಾದ ಮೈದಾನವೊಂದು ಎದ್ದಿತು. ಗಾಳಿ, ಹುಲ್ಲು, ಆಕಾಶ ಬಿಟ್ಟರೆ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಮುಂದೆ ಹೇಳುವುದು ಆ ಮೈದಾನದ ಕಥೆಯಲ್ಲ. ಅಂಥ ಬಯಲಿನಲ್ಲಿ ನಿಂತ ಯಾವುದೇ ಮೈದಾನಕ್ಕೆ ಅಂಟಿಕೊಳ್ಳಬಹುದಾದ ಗ್ರಹಚಾರದ ಕಥೆ. ಆದ್ದರಿಂದ ನಮ್ಮ ಮೈದಾನಕ್ಕೆ ಹೆಸರು ಬೇಡ, ಕುಳಿಗಳಿದ್ದರೆ ಸಾಕು.

ಎಣ್ಣೆ ಅಲ್ಲಿ ಹೊಸದಲ್ಲ. 1951ರಲ್ಲೇ ಟಿಯೋಗಾ ಊರಿನ ಬಳಿ ಸಿಕ್ಕಿತ್ತು. ಆದರೆ ನೀರು, ಮರಳು, ರಾಸಾಯನಿಕಗಳನ್ನು ಒತ್ತಡದಿಂದ ನುಗ್ಗಿಸಿ ಬಂಡೆ ಸೀಳುವ ವಿದ್ಯೆ ಮತ್ತು ಅಡ್ಡ ಕೊರೆಯುವ ವಿದ್ಯೆ ಕೈಹಿಡಿದ ಮೇಲೆ ಬಯಲಿಗೆ ಜ್ವರ ಏರಿತು. 2014ರ ಹೊತ್ತಿಗೆ ರಾಜ್ಯದಿಂದ ದಿನಕ್ಕೆ ಹತ್ತು ಲಕ್ಷ ಬ್ಯಾರಲ್‌ಗಿಂತ ಹೆಚ್ಚು ಎಣ್ಣೆ ಹೊರಡುತ್ತಿತ್ತು. 2010ರ ಜನಗಣತಿಯಲ್ಲಿ 14,716 ಜನರಿದ್ದ ವಿಲಿಸ್ಟನ್‌ನಲ್ಲಿ ಒಂದು ಮಲಗುಕೋಣೆಯ ಮನೆಗೆ ತಿಂಗಳಿಗೆ ಎರಡು ಸಾವಿರ ಡಾಲರ್ ಮೀರಿದ ಬಾಡಿಗೆ. ನ್ಯೂಯಾರ್ಕ್ ಕೂಡ ನಾಚಿತು. ಮನೆ ಸಿಗದವರು ಅಂಗಡಿಗಳ ಮುಂದೆ ಕಾರಿನಲ್ಲೇ ಕಾಲು ಮಡಚಿ ಮಲಗಿದರು.

ಈಗ ಮೈದಾನದ ಕಡೆ ಬನ್ನಿ. ಮೊದಲು ಹೋದವನು ಹುಲ್ಲು ಕತ್ತರಿಸುವವನು. ತಪ್ಪು ಅವನದಲ್ಲ. ಲಾರಿ ಓಡಿಸಿದರೆ ವರ್ಷದ ಗಳಿಕೆ ಲಕ್ಷ ಡಾಲರ್ ಮುಟ್ಟುವ ಕಾಲದಲ್ಲಿ ಹುಲ್ಲಿನ ಎತ್ತರ ಅಳೆಯುತ್ತ ಕೂರಲು ಅವನಿಗೇನು ಮರುಳೇ? ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳಬಾರದು ಎಂಬ ಗಾದೆಯನ್ನು ಅಕ್ಷರಶಃ ಪಾಲಿಸಿದ ಭೂಪ ಅವನೊಬ್ಬನೇ. ಅವನ ಹಿಂದೆ ಅಡುಗೆಯವನು ಹೋದ, ಅಡುಗೆಯವನ ಹಿಂದೆ ಚೀಟಿ ಕೊಡುವ ಹುಡುಗ ಹೋದ. ಕೊನೆಗೆ ವ್ಯವಸ್ಥಾಪಕರೊಬ್ಬರೇ ಉಳಿದು, ಬೆಳಿಗ್ಗೆ ಹುಲ್ಲು ಕತ್ತರಿಸಿ, ಮಧ್ಯಾಹ್ನ ರೊಟ್ಟಿ ಸುಟ್ಟು, ಸಂಜೆ ತಮಗೆ ತಾವೇ ರಾಜೀನಾಮೆ ಬರೆದು ತಾವೇ ತಿರಸ್ಕರಿಸಿದರು.

ಆಡುವವರಾದರೂ ಬರಬೇಕಲ್ಲ? ದೂರದವರು ಬರಲು ಸಿದ್ಧರಿದ್ದರು, ಆದರೆ ವಸತಿಗೃಹದ ಕೋಣೆಗಳನ್ನೆಲ್ಲ ಎಣ್ಣೆ ಕಂಪನಿಗಳು ಹಿಡಿದಿದ್ದವು. ಹತ್ತಿರದವರು ಬೇಕಾದಷ್ಟು ಮಂದಿ, ಜೇಬಿನಲ್ಲಿ ದುಡ್ಡೂ ಇತ್ತು, ಆದರೆ ಎರಡು ವಾರ ಎಡೆಬಿಡದೆ ದಿನಕ್ಕೆ ಹನ್ನೆರಡು ಗಂಟೆ ದುಡಿದವನು ಬಿಡುವು ಸಿಕ್ಕರೆ ಗಾಲ್ಫ್ ಕೋಲು ಹಿಡಿಯುವುದಿಲ್ಲ, ದಿಂಬು ಹಿಡಿಯುತ್ತಾನೆ. ಸುತ್ತ ದುಡ್ಡಿನ ಪ್ರವಾಹ, ನಡುವೆ ಬಾಯಾರಿದ ಮೈದಾನ.

ಬಾಯಾರಿದ ಎಂದದ್ದು ಅಲಂಕಾರವಲ್ಲ. ಒಂದು ಬಾವಿಯ ಬಂಡೆ ಸೀಳಲು ಲಕ್ಷಾಂತರ ಗ್ಯಾಲನ್ ನೀರು ಬೇಕು, ಸಾವಿರಾರು ಟನ್ ಮರಳು ಬೇಕು. ಗಾಲ್ಫ್‌ಗೂ ನೀರು ಬೇಕು, ಮರಳು ಬೇಕು. ಇಲ್ಲಿ ಮರಳಿನ ಹೊಂಡವನ್ನು ಅಡೆತಡೆ ಎನ್ನುತ್ತಾರೆ, ಅಲ್ಲಿ ಬಂಡವಾಳ ಎನ್ನುತ್ತಾರೆ. ಯಾರಾದರೂ ಲಾರಿಯವನು ದಾರಿ ತಪ್ಪಿ ಬಂದು, ಏಳನೇ ಕುಳಿಯ ಪಕ್ಕದ ಮರಳನ್ನು ತುಂಬಿಕೊಂಡು ಹೋಗಿದ್ದರೆ ಆಟಗಾರರು ಅವನಿಗೆ ಸನ್ಮಾನ ಮಾಡುತ್ತಿದ್ದರು.

ಹಾಗಾದರೆ ಮೈದಾನವೇ ಬಾವಿ ತೋಡಿ ಉದ್ಧಾರವಾಗಬಹುದಲ್ಲ ಎಂದು ನೀವು ಕೇಳಬಹುದು. ಜಾಣ ಪ್ರಶ್ನೆ. ಆದರೆ ಅಲ್ಲಿನ ಕಾನೂನು ನಿಮಗಿಂತ ಜಾಣ. ನೆಲ ಒಬ್ಬನದು, ನೆಲದಡಿಯ ಖನಿಜ ಇನ್ನೊಬ್ಬನದು ಆಗಿರಬಹುದು. ಹಾಗಾದಲ್ಲಿ ಕೆಳಗಿನವನದೇ ಮೇಲುಗೈ. ತನ್ನ ಎಣ್ಣೆ ತೆಗೆಯಲು ಬೇಕಾದಷ್ಟು ಮೇಲ್ನೆಲವನ್ನು ಬಳಸುವ ಹಕ್ಕು ಅವನಿಗಿದೆ. ಮೇಲಿನವನ ಕಣ್ಣೀರು ಒರೆಸಲು 1979ರ ಪರಿಹಾರ ಕಾಯ್ದೆಯಿದೆ. ಅಂದರೆ ಹುಲ್ಲು ನಿಮ್ಮದು, ಬೇರು ಅನುಮಾನ, ಅದರ ಕೆಳಗೆಲ್ಲ ಅವರದು.

ಗಾಲ್ಫ್‌ನ ನಿಯಮ ಪುಸ್ತಕವನ್ನೂ ತಿರುವಿ ನೋಡಿದೆ. ಹದಿನಾರನೇ ನಿಯಮ ಮೈದಾನದ ಅಸಹಜ ಸ್ಥಿತಿಗಳ ಬಗ್ಗೆ ಇದೆ. ಪ್ರಾಣಿ ತೋಡಿದ ಬಿಲ, ದುರಸ್ತಿಯಲ್ಲಿರುವ ನೆಲ, ನಿಂತ ಮಳೆನೀರು, ಕದಲಿಸಲಾಗದ ಕಟ್ಟಡ, ಇವು ಅಡ್ಡಬಂದರೆ ದಂಡವಿಲ್ಲದೆ, ಅಡ್ಡಿ ತಪ್ಪುವ ಹತ್ತಿರದ ಜಾಗದಿಂದ ಒಂದು ಕೋಲಿನಳತೆಯೊಳಗೆ ಚೆಂಡನ್ನು ಬಿಡಬಹುದು. ಒಂದು ಕೋಲಿನಳತೆ! ಆಗ ಬಾವಿಗಳಲ್ಲಿ ಎಣ್ಣೆಯ ಜೊತೆ ಏಳುತ್ತಿದ್ದ ಅನಿಲದಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಸುಮ್ಮನೆ ಉರಿಸಿಬಿಡುತ್ತಿದ್ದರು; ಆ ಬೆಳಕು ಉಪಗ್ರಹಕ್ಕೂ ಕಾಣುತ್ತಿತ್ತು. ಅದರಿಂದ ತಪ್ಪಿಸಿಕೊಳ್ಳಲು ಎಷ್ಟು ಕೋಲು ಸರಿಯಬೇಕೆಂದು ಪುಸ್ತಕದಲ್ಲಿಲ್ಲ. ನಮ್ಮ ವ್ಯವಸ್ಥಾಪಕರು ಮಾತ್ರ ಕಷ್ಟದಲ್ಲೂ ಅವಕಾಶ ಕಂಡು, ‘ರಾತ್ರಿ ಆಟ, ದೀಪದ ಶುಲ್ಕವಿಲ್ಲ’ ಎಂದು ಫಲಕ ಬರೆಸಲು ಹೊರಟರು. ಫಲಕ ಬರೆಯುವವನೂ ಎಣ್ಣೆಬಾವಿಗೆ ಹೋಗಿದ್ದ.

ಆಮೇಲೆ ಜ್ವರ ಇಳಿಯಿತು. 2014ರ ನಡುವಿನಲ್ಲಿ ನೂರು ಡಾಲರ್ ದಾಟಿದ್ದ ಬ್ಯಾರಲ್, 2016ರ ಆರಂಭಕ್ಕೆ ಮೂವತ್ತಕ್ಕಿಂತ ಕೆಳಗೆ ಜಾರಿತು. ಎಣ್ಣೆ ಕೆಲಸಗಾರರ ಶಿಬಿರಗಳು ಖಾಲಿ, ಬಾಡಿಗೆ ನೆಲಕ್ಕೆ. 2020ರ ಏಪ್ರಿಲ್ 20ರಂದು, ಮುಂದೆ ಕೈಗೆ ಬರುವ ಸರಕಿಗೆ ಇಂದೇ ದರ ಕಟ್ಟುವ ಮುಂಗಡ ಪೇಟೆಯಲ್ಲಿ, ಅಮೆರಿಕದ ಎಣ್ಣೆಯ ದರ ಮೈನಸ್ 37.63 ಡಾಲರ್‌ಗೆ ಮುಗಿಯಿತು; ಮಾರುವವನೇ ಕೊಳ್ಳುವವನಿಗೆ ದುಡ್ಡು ಕೊಟ್ಟು ಕೈಮುಗಿಯಬೇಕಾಯಿತು. ಪೇಟೆಯವರು ಎದೆ ಹಿಡಿದುಕೊಂಡರು. ಗಾಲ್ಫ್ ಆಡುವವರಿಗೆ ಮಾತ್ರ ಗಾಬರಿಯ ಕಾರಣ ತಿಳಿಯಲಿಲ್ಲ. ಹೊಡೆತ ಕಡಿಮೆಯಾದಷ್ಟೂ ಮೇಲೆನ್ನುವ ಅವರ ಆಟದಲ್ಲಿ ಮೈನಸ್ ಬಂದವನೇ ಗೆದ್ದವನು.

ಹುಲ್ಲು ಕತ್ತರಿಸುವವನು ಮರಳಿ ಬಂದಿದ್ದಾನೆ. ಕೋಣೆಗಳು ಸಿಗುತ್ತವೆ. ಹದಿನೆಂಟನೇ ಕುಳಿಯ ಹತ್ತಿರ ಒಬ್ಬರು ಬಾಗಿ, ಉಸಿರು ಬಿಗಿಹಿಡಿದು, ಚೆಂಡನ್ನು ಮೆಲ್ಲಗೆ ತಳ್ಳುತ್ತಾರೆ. ಅದು ಕುಳಿಯ ಅಂಚು ಸವರಿ ಮುಂದಕ್ಕೆ ಹೋಗುತ್ತದೆ. ಬೇಲಿಯಾಚೆ ಎಣ್ಣೆ ಎತ್ತುವ ಪಂಪು ನಿಧಾನವಾಗಿ ತಲೆಯಾಡಿಸುತ್ತಿರುತ್ತದೆ, ಹೌದು, ಹೌದು, ಹೌದು.