ಸಂತೆಗೆ ಕರೆದುಕೊಂಡು ಹೋಗಿ ಸಂತೆ ಮಾಡಲು ಬಿಡಲಿಲ್ಲ

ಥಾಯ್ಲೆಂಡ್‌ನಿಂದ ವಾಪಸ್ ಬಂದು ಹತ್ತು ದಿನ ಆಯಿತು. ಸಿಟ್ಟು ಇನ್ನೂ ಇಳಿದಿಲ್ಲ. ತಾನಾಗೇ ಇಳಿಯುತ್ತೆ ಅಂತ ಸುಮ್ನೆ ಇದ್ದೆ. ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೇಕ್ಲಾಂಗ್ ರೈಲ್ವೆ ಮಾರ್ಕೆಟ್‌ನ ವಿಡಿಯೋ ನೀವೂ ನೋಡಿರುತ್ತೀರಿ. ಹಳಿಗೆ ಅಂಟಿಕೊಂಡೇ ತರಕಾರಿ, ಮೀನು, ಹಣ್ಣು ಹರಡಿಕೊಂಡು ಕೂತಿರುತ್ತಾರೆ. ರೈಲು ಬರುವ ಹೊತ್ತಿಗೆ ನೆರಳಿನ ಬಟ್ಟೆಗಳನ್ನೆಲ್ಲ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ರೈಲು ದಾಟಿದ ಮರುಕ್ಷಣ ಮತ್ತೆ ಬಿಚ್ಚುತ್ತಾರೆ. ಥಾಯ್ ಭಾಷೆಯಲ್ಲಿ ಅದನ್ನು ತಲಾತ್ ರೋಮ್ ಹುಪ್ ಅನ್ನುತ್ತಾರೆ, ಅಂದರೆ ಕೊಡೆ ಮಡಿಸುವ ಸಂತೆ. ನಮ್ಮಮ್ಮ ಈ ವಿಡಿಯೋವನ್ನು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ಇಡೀ ಪ್ರವಾಸದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. "ಮಾಲು ಗೀಲು ಏನೂ ಬೇಡ, ಆ ಸಂತೆ ಒಂದು ತೋರಿಸಿಬಿಡು" ಅಂದಿದ್ದರು.

ಬ್ಯಾಂಕಾಕ್‌ನಿಂದ ಅದು 70–80 ಕಿ.ಮೀ. ದೂರ, ಸಮುತ್ ಸೊಂಗ್‌ಖ್ರಾಮ್ ಅನ್ನೋ ಊರಿನಲ್ಲಿ. ಅಮ್ಮನಿಗೆ ಮಂಡಿನೋವು, ಮಗಳಿಗೆ ಒಂಬತ್ತು ವರ್ಷ. ಬಸ್ಸು ಬದಲಾಯಿಸಿಕೊಂಡು ಅಲೆಯೋದು ಬೇಡ ಅಂತ ನಮ್ಮ ಯಜಮಾನರು ಒಂದು ದಿನದ ಟೂರ್ ಬುಕ್ ಮಾಡಿದರು. ಹಾಳೆಯಲ್ಲಿ "ಮಾರುಕಟ್ಟೆಯಲ್ಲಿ ಒಂದೂವರೆ ಗಂಟೆ" ಅಂತ ಅಚ್ಚಾಗಿತ್ತು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಬೆಳಿಗ್ಗೆ ಏಳಕ್ಕೇ ಹೊರಟೆವು. ದಾರಿಯಲ್ಲಿ ಟಾಯ್ಲೆಟ್‌ಗೆ ಹತ್ತು ನಿಮಿಷ ಅಂತ ಬಸ್ಸು ನಿಲ್ಲಿಸಿದರು. ಅದು ಟಾಯ್ಲೆಟ್ ಅಲ್ಲ, ಮರದ ಕೆತ್ತನೆ, ರೇಷ್ಮೆ, ಒಡವೆ ಮಾರುವ ದೊಡ್ಡ ಅಂಗಡಿ. ಒಳಗೆ ಹೋಗಲು ಒಂದು ಬಾಗಿಲು, ಹೊರಗೆ ಬರಲು ಇನ್ನೊಂದು. ನಡುವೆ ಇಡೀ ಅಂಗಡಿ ಸುತ್ತಬೇಕು. ಕಾರ್ಯಕ್ರಮದ ಪಟ್ಟಿಯಲ್ಲಿ ಈ ಅಂಗಡಿಯ ಹೆಸರೇ ಇರಲಿಲ್ಲ. ಒಂದು ಗಂಟೆ ಇಪ್ಪತ್ತು ನಿಮಿಷ ಅಲ್ಲೇ ಕಳೆಯಿತು. ನಾನು ಮೂರು ಸಲ ಗೈಡ್ ಹತ್ತಿರ ಹೋಗಿ ಕೇಳಿದೆ. ಮೂರು ಸಲವೂ "ರೈಲಿಗೆ ಟೈಮ್ ಇದೆ ಮೇಡಂ" ಅಂತಲೇ ಉತ್ತರ.

ಅವರ ತಲೆಯಲ್ಲಿ ಇದ್ದದ್ದು ರೈಲು ಮಾತ್ರ. ಸಂತೆ ಇರಲೇ ಇಲ್ಲ.

ಮೇಕ್ಲಾಂಗ್ ತಲುಪಿದಾಗ 10.55. ರೈಲು ಬರೋದು 11.10ಕ್ಕೆ. ಇಳಿಯುವಾಗಲೇ ಗೈಡ್ ಹೇಳಿಬಿಟ್ಟರು: ರೈಲು ನೋಡಿ, ಫೋಟೋ ತೆಗೆದು, 11.20ಕ್ಕೆ ಬಸ್ಸಿನಲ್ಲಿರಬೇಕು. ಅಂದರೆ ಒಟ್ಟು ಇಪ್ಪತ್ತೈದು ನಿಮಿಷ. ಅದರಲ್ಲಿ ಅರ್ಧ ಆ ಜನಜಂಗುಳಿಯಲ್ಲಿ ಒಬ್ಬರನ್ನೊಬ್ಬರು ಹುಡುಕುವುದಕ್ಕೇ ಹೋಯಿತು.

ಇದ್ದ ಹತ್ತು ನಿಮಿಷದಲ್ಲಿ ಅಮ್ಮ ಏನೇನು ನೋಡಿದರು ಅಂತ ಹೇಳುತ್ತೇನೆ ಕೇಳಿ. ಗೊಂಚಲು ಗೊಂಚಲು ಸುಂಡೆಕಾಯಿ ಕಂಡು ನಿಂತೇಬಿಟ್ಟರು. "ಅಯ್ಯೋ, ಇಲ್ಲೂ ತಿಂತಾರಾ ಇದನ್ನ!" ಅಂತ ಅವರ ಮುಖ ಅರಳಿತು. ಬಾಳೆಹೂವು, ಚಕ್ಕೋತ, ಗುಂಡು ಗುಂಡು ಹಸಿರು ಬದನೆ. ಮೀನಿನ ಅಂಗಡಿ ಮುಂದೆ ಮಗಳು ಅಲ್ಲಾಡಲಿಲ್ಲ. ಪ್ಲಾ ತೂ ಅಂತ ಅಲ್ಲಿನ ಹೆಸರುವಾಸಿ ಮೀನು, ನಮ್ಮ ಬಂಗುಡೆಯ ಬಳಗದ್ದೇ. ಅಂಗೈಯಗಲದ ಬಿದಿರಿನ ಬುಟ್ಟಿಯಲ್ಲಿ ಎರಡು ಮೂರು ಮೀನು ಜೋಡಿಸಿರುತ್ತಾರೆ. ಬುಟ್ಟಿ ಚಿಕ್ಕದು, ಮೀನು ಉದ್ದ. ಅದಕ್ಕೆ ಪ್ರತಿಯೊಂದರ ಕತ್ತು ಬಗ್ಗಿಸಿ ಕೂರಿಸಿದ್ದಾರೆ. ಸಾಲಾಗಿ ಎಲ್ಲ ಮೀನೂ ತಲೆ ತಗ್ಗಿಸಿಕೊಂಡಿರುವ ಹಾಗೆ ಕಾಣುತ್ತೆ. ನಾವು ಮೀನು ತಿನ್ನುವವರಲ್ಲ. ಆದರೂ ಆ ಕೈಕೆಲಸ ನೋಡುತ್ತಾ ನಿಲ್ಲಬೇಕು ಅನಿಸಿತು.

ಅಲ್ಲೇ ಪಕ್ಕದಲ್ಲಿ ಒಬ್ಬರು ಅಜ್ಜಿ ತೆಂಗಿನ ಬೆಲ್ಲ ಮಾರುತ್ತಿದ್ದರು. ಅಮ್ಮನದೇ ವಯಸ್ಸಿರಬೇಕು. ಒಂದು ಚೂರು ಮುರಿದು ಅಮ್ಮನ ಕೈಗಿಟ್ಟರು. ಅಮ್ಮ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಭಾಷೆ ಬರದ ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿಕೊಂಡರು. ಪೊಟ್ಟಣಕ್ಕೆ 50 ಬಹ್ತ್. ಅಮ್ಮ ಪರ್ಸ್ ತೆಗೆಯುತ್ತಿದ್ದರು, ಅಷ್ಟರಲ್ಲಿ ಮೈಕಿನಲ್ಲಿ ರೈಲು ಬಂತು ಅಂತ ಕೂಗಿದರು. ಅಜ್ಜಿ ತಟ್ಟೆ ಹಿಂದಕ್ಕೆ ಎಳೆದುಕೊಳ್ಳಲೇಬೇಕಾಯಿತು.

ಆಮೇಲೆ ಆಗಿದ್ದೇ ನನಗೆ ಇವತ್ತಿಗೂ ನುಂಗಲಾಗುತ್ತಿಲ್ಲ.

ಅಲ್ಲಿ ರೈಲಿಗೂ ಅಂಗಡಿಗೂ ನಡುವೆ ಕೈಯಳತೆಯ ಜಾಗವೂ ಇಲ್ಲ. ಅಂಗಡಿಯವರು ನಿತ್ಯದ ಅಭ್ಯಾಸದಲ್ಲಿ ಒಂದೊಂದು ತಟ್ಟೆಯನ್ನೂ ಎಷ್ಟು ಸರಿಸಬೇಕೋ ಅಷ್ಟೇ ಸರಿಸುತ್ತಾರೆ. ಕೆಳಗಿರುವ ಕೆಲವು ಬುಟ್ಟಿಗಳನ್ನು ಮುಟ್ಟುವುದೂ ಇಲ್ಲ, ರೈಲು ಅವುಗಳ ಮೇಲೆ ಹಾದು ಹೋಗುತ್ತೆ. ಅಷ್ಟು ಲೆಕ್ಕಾಚಾರದ ಜಾಗಕ್ಕೆ ನೂರಾರು ಜನ ಸೆಲ್ಫಿ ಕೋಲು ಹಿಡಿದು ನುಗ್ಗಿದರು. ಒಬ್ಬ ಮನುಷ್ಯ ಮೆಣಸಿನಕಾಯಿ ಬುಟ್ಟಿಯ ಅಂಚಿನ ಮೇಲೆ ಬೂಟುಗಾಲಿಟ್ಟು ಎತ್ತರಕ್ಕೆ ನಿಂತುಕೊಂಡ, ರೈಲು ಚೆನ್ನಾಗಿ ಕಾಣಲಿ ಅಂತ. ಬುಟ್ಟಿ ಮಗುಚಿತು. ಅಂಗಡಿಯ ಹೆಂಗಸು ಕೂಗಿದರು. ಅವನು ತಿರುಗಿಯೂ ನೋಡಲಿಲ್ಲ. ರೈಲು ಮೂಗಿನ ತುದಿಯಲ್ಲಿತ್ತು, ಆಕೆ ಬಗ್ಗುವ ಹಾಗೂ ಇರಲಿಲ್ಲ. ಅಮ್ಮನನ್ನು ಯಾರೋ ಹಿಂದಿನಿಂದ ತಳ್ಳಿದರು. ನಾನು ತೋಳು ಹಿಡಿದು ಎಳೆದುಕೊಂಡಿದ್ದಕ್ಕೆ ಸರಿಹೋಯಿತು. ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತೆ.

ರೈಲು ಹೋದ ಮೇಲೆ ಆ ಹೆಂಗಸು ಜಲ್ಲಿಕಲ್ಲಿನ ಸಂದಿಯಿಂದ ಒಂದೊಂದೇ ಮೆಣಸಿನಕಾಯಿ ಆರಿಸಿಕೊಳ್ಳುತ್ತಿದ್ದರು. ನಮ್ಮ ಮಗಳು ಕುಕ್ಕರುಗಾಲಲ್ಲಿ ಕೂತು ಅವರ ಜೊತೆ ಆರಿಸಲು ಶುರು ಮಾಡಿದಳು. ಅಷ್ಟಕ್ಕೇ ಗೈಡ್ ಬಾವುಟ ಅಲ್ಲಾಡಿಸುತ್ತಾ ಬಂದು "ಬಿಡಿ ಬಿಡಿ, ಬಸ್ಸು ಹೊರಡುತ್ತೆ" ಅಂತ ಮಗುವನ್ನು ಎಬ್ಬಿಸಿದರು. ಅಮ್ಮ ಬೆಲ್ಲದ ಅಜ್ಜಿಯ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದರು. "ನೋ ಟೈಮ್ ಮಾತಾಜಿ" ಅಂದರು ಗೈಡ್. ಎರಡು ನಿಮಿಷ ಸ್ವಾಮಿ! ದುಡ್ಡು ಕೊಟ್ಟು ಪೊಟ್ಟಣ ತೆಗೆದುಕೊಳ್ಳಲು ಎರಡೇ ನಿಮಿಷ ಸಾಕಿತ್ತು. ಒಡವೆ ಅಂಗಡಿಗೆ ಎಂಬತ್ತು ನಿಮಿಷ ಇತ್ತು, ಇದಕ್ಕೆ ಎರಡು ನಿಮಿಷ ಇರಲಿಲ್ಲ.

1905ರಲ್ಲಿ ಬಾನ್ ಲೇಮ್ ಅನ್ನೋ ಊರಿನಿಂದ ಮೇಕ್ಲಾಂಗ್‌ಗೆ ರೈಲುದಾರಿ ಹಾಕಿದ್ದು. ಸುಮಾರು 33 ಕಿ.ಮೀ. ಕರಾವಳಿಯ ಮೀನು, ತರಕಾರಿ ಬ್ಯಾಂಕಾಕ್ ಕಡೆಗೆ ಸಾಗಿಸುವುದಕ್ಕೆ ಹಾಕಿದ ದಾರಿ ಅದು. ಸಂತೆಯ ಸರಕಿಗೋಸ್ಕರ ರೈಲು ಬಂತು. ಈಗ ರೈಲು ನೋಡಲು ಬಂದವರು ಸಂತೆಯ ಸರಕನ್ನೇ ತುಳಿಯುತ್ತಿದ್ದಾರೆ. ದಿನಕ್ಕೆ ನಾಲ್ಕು ಸಲ ರೈಲು ಬರುತ್ತೆ, ನಾಲ್ಕು ಸಲ ಹೋಗುತ್ತೆ. ನಾವು ನೋಡಿದ ಆ ರೈಲೇ 11.30ಕ್ಕೆ ವಾಪಸ್ ಹೊರಡುತ್ತೆ. ಬಸ್ಸು ಹತ್ತದೆ ಇನ್ನೊಂದು ಸ್ವಲ್ಪ ನಿಂತಿದ್ದರೆ ಅದನ್ನೂ ನೋಡಬಹುದಿತ್ತು, ಬೆಲ್ಲವನ್ನೂ ಕೊಳ್ಳಬಹುದಿತ್ತು. ಬಸ್ಸಿನ ಕಿಟಕಿಯಿಂದ ನೋಡಿದರೆ ಜನ ಆಗಲೇ ಕರಗುತ್ತಿದ್ದರು. ಆಮೇಲಿನ ಆ ಹೊತ್ತೇ ಅಲ್ವಾ ನಿಜವಾದ ಸಂತೆ?

ನನಗೆ ನನ್ನ ಮೇಲೂ ಸಿಟ್ಟಿದೆ. ಬಸ್ಸು ಹೋದರೆ ಹೋಗಲಿ ಅಂತ ಅಲ್ಲೇ ಉಳಿದುಬಿಡಬೇಕಿತ್ತು. ವ್ಯಾನ್ ಸಿಗುತ್ತಿತ್ತು, ಟ್ಯಾಕ್ಸಿ ಸಿಗುತ್ತಿತ್ತು. ಪರದೇಶ, ಮಗು, ವಯಸ್ಸಾದ ಅಮ್ಮ ಅಂತ ಹೆದರಿ ಹತ್ತಿಬಿಟ್ಟೆ. ಬಸ್ಸಿನಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ. ಬೇಜಾರಾಯ್ತಾ ಅಂತ ಕೇಳಿದ್ದಕ್ಕೆ, "ಆ ಅಜ್ಜಿ ಚೂರು ಬೆಲ್ಲ ಪುಕ್ಕಟೆ ಕೊಟ್ಟಳಲ್ಲ, ನಾನು ತಿಂದು ಹಾಗೇ ಬಂದುಬಿಟ್ಟೆ" ಅಂದರು.

ವಾಪಸ್ ಬಂದ ಮೇಲೆ ಆ ಟೂರಿನವರಿಗೆ ಉದ್ದಕ್ಕೆ ದೂರು ಬರೆದೆ. ಅಚ್ಚು ಹಾಕಿದ ಒಂದೂವರೆ ಗಂಟೆ ಎಲ್ಲಿ ಹೋಯಿತು, ಪಟ್ಟಿಯಲ್ಲಿಲ್ಲದ ಅಂಗಡಿಗೆ ಯಾಕೆ ಕರೆದುಕೊಂಡು ಹೋದಿರಿ ಅಂತ ಕೇಳಿದೆ. ಒಂದೇ ಸಾಲಿನ ಉತ್ತರ ಬಂತು: ರೈಲು ಸರಿಯಾದ ಸಮಯಕ್ಕೆ ತೋರಿಸಲಾಗಿದೆ. ಹಾಳೆಯ ಫೋಟೋ ತೆಗೆದು ಮತ್ತೆ ಕಳಿಸಿದ್ದೇನೆ. ನಾಳೆಯೂ ಕಳಿಸುತ್ತೇನೆ, ನಾಡಿದ್ದೂ ಕಳಿಸುತ್ತೇನೆ.