ಆಸಕ್ತಿಯ ಕ್ಷೇತ್ರ: ಇಡೀ ಜಗತ್ತು

ಅಂತರರಾಷ್ಟ್ರೀಯ ಸಂಬಂಧಗಳ ಪ್ರೊಫೆಸರುಗಳ ಬಯೋಡೇಟಾ ನೋಡಿ. ಹೆಸರಿನ ಕೆಳಗೆ ‘ಆಸಕ್ತಿಯ ಕ್ಷೇತ್ರಗಳು’ ಅಂತ ಒಂದು ಸಾಲು ಇದ್ದೇ ಇರುತ್ತದೆ. ಭಾರತದ ವಿದೇಶಾಂಗ ನೀತಿ, ಚೀನಾ, ಭಯೋತ್ಪಾದನೆ, ಅಣ್ವಸ್ತ್ರ, ಹವಾಮಾನ, ಸಾಲದ್ದಕ್ಕೆ ಜಾಗತೀಕರಣ. ಮುಂಬೈ, ಪುಣೆ, ಗೋವಾದಲ್ಲಿ ಪಿಎಚ್.ಡಿ.ಗೆ ಗೈಡ್ ಹುಡುಕುತ್ತಿರುವ ನಮ್ಮ ಕನ್ನಡದ ಮಕ್ಕಳು ದಯವಿಟ್ಟು ಆ ಸಾಲು ನಂಬಿ ಅರ್ಜಿ ಹಾಕಬೇಡಿ. ಅವರು ಯಾವ ಭಾಷೆ ಓದುತ್ತಾರೆ, ಯಾವ ಪತ್ರಾಗಾರದಲ್ಲಿ ಕೂತು ಕಡತ ಬಿಚ್ಚಿದ್ದಾರೆ ಅನ್ನುವುದನ್ನು ನೋಡಿ.

ಪತ್ತೆ ಮಾಡುವುದು ಕಷ್ಟವಲ್ಲ. ಪಿಎಚ್.ಡಿ. ಥೀಸಿಸ್‌ಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಗೈಡ್ ಹೆಸರು ಹಾಕಿ, ಅವರ ವಿದ್ಯಾರ್ಥಿಗಳ ಇತ್ತೀಚಿನ ಎರಡು ಮೂರು ಥೀಸಿಸ್ ಇಳಿಸಿಕೊಳ್ಳಿ. ಪೀಠಿಕೆ ಆಮೇಲೆ, ಮೊದಲು ಕೊನೆಯ ಆಕರಪಟ್ಟಿ ತೆರೆಯಿರಿ. ಅಲ್ಲಿ ಪತ್ರಿಕಾ ಲೇಖನ, ಸಚಿವಾಲಯದ ಪ್ರಕಟಣೆ ಬಿಟ್ಟು ಬೇರೇನೂ ಇಲ್ಲದಿದ್ದರೆ ಆ ಗೈಡ್ ಯಾರನ್ನೂ ಕಡತದ ತನಕ ಕಳಿಸಿಲ್ಲ ಎಂದರ್ಥ. ಇನ್ನು ಶೀರ್ಷಿಕೆಗಳು: ಭಾರತ–ಅಮೆರಿಕ ಸಂಬಂಧ, ಭಾರತ–ರಷ್ಯಾ ಸಂಬಂಧ, ಭಾರತ–ಜಪಾನ್ ಸಂಬಂಧ. ಒಳಗೆ ಇತಿಹಾಸ, ವ್ಯಾಪಾರ, ರಕ್ಷಣೆ, ಉಪಸಂಹಾರ. ಮದುವೆ ಕರೆಯೋಲೆಯಲ್ಲಿ ವಧೂವರರ ಹೆಸರಷ್ಟೇ ಬದಲಿಸಿದ ಹಾಗೆ. ವೈವಾದಲ್ಲಿ ಹೊರಗಿನ ಪರೀಕ್ಷಕರು ‘ನಿಮ್ಮ ಪ್ರಶ್ನೆ ಏನಿತ್ತು’ ಅಂದಾಗ ಬಾಯಿ ಒಣಗುವುದು ಇಂಥವರಿಗೇ.

ಆಸಕ್ತಿಗಳ ಪಟ್ಟಿ ಇಷ್ಟು ಉದ್ದವಾಗಲು ಅಂಕದ ಲೆಕ್ಕವೂ ಕಾರಣ. ಯುಜಿಸಿಯ 2018ರ ನಿಯಮದಲ್ಲಿ ಪ್ರೊಫೆಸರ್ ಹುದ್ದೆಯ ಸಾಮಾನ್ಯ ದಾರಿಗೆ ಪಿಎಚ್.ಡಿ., 10 ವರ್ಷದ ಅನುಭವ, 10 ಪ್ರಕಟಣೆ ಮತ್ತು 120 ಸಂಶೋಧನಾ ಅಂಕ ಬೇಕು. ಸಮಾಜವಿಜ್ಞಾನದಲ್ಲಿ ಒಂದು ಪೇಪರಿಗೆ 10 ಅಂಕ. ಅಂತರರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 12! ವರ್ಷಗಟ್ಟಲೆ ಪತ್ರಾಗಾರದಲ್ಲಿ ಕೂತು ಬರೆದ ಪುಸ್ತಕಕ್ಕೂ ಒಂದು ಪೇಪರಿಗೂ ಎರಡೇ ಅಂಕದ ಅಂತರ. ಇಬ್ಬರು ಸೇರಿ ಬರೆದರೆ ತಲಾ ಶೇ. 70, ಅಂದರೆ ಹತ್ತು ಅಂಕದ ಪೇಪರು ಇಬ್ಬರ ನಡುವೆ ಹದಿನಾಲ್ಕಾಗುತ್ತದೆ. ಜೋಡಿ ಲೇಖಕರು ಯಾಕೆ ಹೆಚ್ಚುತ್ತಾರೆ ಅಂತ ಬೇರೆ ಹೇಳಬೇಕೆ? ಪೇಪರು ಬಂದ ಜರ್ನಲ್ಲನ್ನೂ ಪರೀಕ್ಷಿಸಿ. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಪಟ್ಟಿಯಿಂದ 4,305 ಜರ್ನಲ್‌ಗಳನ್ನು ಕಿತ್ತುಹಾಕಿತ್ತು. ಆಮೇಲೆ ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದಿಂದ ನಡೆಯುತ್ತಿದ್ದ, ಕೇರ್ ಎಂಬ ಒಪ್ಪಿತ ಜರ್ನಲ್ಲುಗಳ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ದುಡ್ಡು ಕಟ್ಟಿದ ವಾರಕ್ಕೇ ‘ಸ್ವೀಕೃತ’ ಅನ್ನುವ ಜರ್ನಲ್ಲಿನಲ್ಲಿ ಐದಾರು ಪೇಪರಿದ್ದರೆ ಮುಂದಿನ ಬಯೋಡೇಟಾಕ್ಕೆ ಹೋಗಿ.

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ ಅನ್ನುವುದಕ್ಕೆ ಗೋವಾವನ್ನೇ ತೆಗೆದುಕೊಳ್ಳಿ. ‘ಗೋವಾ ವಿಮೋಚನೆ ಮತ್ತು ಭಾರತದ ವಿದೇಶಾಂಗ ನೀತಿ’ ಅನ್ನುವುದು ಪ್ರಶ್ನೆಯೇ ಅಲ್ಲ. 1961ರ ಡಿಸೆಂಬರ್ 18ರಂದು ಭದ್ರತಾ ಮಂಡಳಿಯಲ್ಲಿ ಭಾರತದ ಸೇನೆ ಗೋವಾದಿಂದ ಹಿಂದೆ ಸರಿಯಬೇಕೆಂದು ಅಮೆರಿಕ ಮತ್ತಿತರರು ತಂದ ನಿರ್ಣಯ ಮತಕ್ಕೆ ಬಂತು. ಪರ 7, ವಿರೋಧ 4. ಸೋವಿಯತ್ ವೀಟೋದಿಂದ ಬಿತ್ತು. ಆ ನಾಲ್ವರಲ್ಲಿ ಸಿಲೋನ್ (ಇಂದಿನ ಶ್ರೀಲಂಕಾ), ಸಂಯುಕ್ತ ಅರಬ್ ಗಣರಾಜ್ಯದ (ಈಜಿಪ್ಟ್) ಜೊತೆ ಲೈಬೀರಿಯಾವೂ ಇತ್ತು. ಅಮೆರಿಕಕ್ಕೆ ಅಷ್ಟು ಹತ್ತಿರವಿದ್ದ ಲೈಬೀರಿಯಾ ಅದರ ಎದುರು ಕೈ ಎತ್ತಿದ್ದು ಯಾಕೆ? ಇದು ಪ್ರಶ್ನೆ. ಇದಕ್ಕೆ ಪೋರ್ಚುಗಲ್‌ನ ಆಫ್ರಿಕನ್ ವಸಾಹತುಗಳ ಚರಿತ್ರೆ ಗೊತ್ತಿರುವ ಗೈಡ್ ಬೇಕು. ಮುಂಬೈ ವಿಶ್ವವಿದ್ಯಾಲಯದ ಕಲೀನಾ ಕ್ಯಾಂಪಸ್ಸಿನಲ್ಲಿ ಆಫ್ರಿಕಾ ಅಧ್ಯಯನ ಕೇಂದ್ರವೇ ಇದೆ, ಎಷ್ಟು ಜನ ಅತ್ತ ತಲೆ ಹಾಕುತ್ತಾರೋ!

ಕಡತದ ವಿಷಯಕ್ಕೆ ಬಂದರೆ, ದೆಹಲಿಗೆ ಟಿಕೆಟ್ ತೆಗೆಯುವ ಮೊದಲು ರಾಷ್ಟ್ರೀಯ ಪತ್ರಾಗಾರದ ವೆಬ್‌ಸೈಟಾದ ಅಭಿಲೇಖ ಪಟಲದಲ್ಲಿ ಹುಡುಕಿ, ಕಡತದ ಸಂಖ್ಯೆ ಬರೆದಿಟ್ಟುಕೊಳ್ಳಿ. ಹಾಗಿದ್ದೂ ಕಡತ ಕೇಳಿ ಕೊಟ್ಟ ಚೀಟಿ ‘ಎನ್‌ಟಿ’ ಅಂತ ವಾಪಸ್ ಬರಬಹುದು. ಪಟ್ಟಿಯಲ್ಲಿ ಹೆಸರಿದೆ, ಇಲಾಖೆ ಕಡತವನ್ನೇ ಹಸ್ತಾಂತರಿಸಿಲ್ಲ ಎಂದು ಅದರ ಅರ್ಥ. ಒಂದೇ ಕಡತದ ಮೇಲೆ ಇಡೀ ಸಿನಾಪ್ಸಿಸ್ ನಿಲ್ಲಿಸಬಾರದು ಅನ್ನುವುದು ಅದಕ್ಕೇ. ಉತ್ತರ ಕನ್ನಡ 1956ರ ಅಕ್ಟೋಬರ್ ಕೊನೆಯವರೆಗೆ ಬಾಂಬೆ ರಾಜ್ಯದಲ್ಲಿತ್ತು. ಹಾಗಾಗಿ 1955ರಲ್ಲಿ ಕಾರವಾರದ ಬಳಿಯ ಗೋವಾ ಗಡಿಯಲ್ಲಿ ಏನಾಯಿತು ಅನ್ನುವುದನ್ನು ಬೆಂಗಳೂರಿಗಿಂತ ಮೊದಲು ಮುಂಬೈಯ ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ಮಹಾರಾಷ್ಟ್ರ ಪತ್ರಾಗಾರದಲ್ಲಿ ಹುಡುಕಬೇಕು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಕೊಂಕಣಿ ಕಲಿತ ನಿಮಗೆ ಇಲ್ಲಿರುವ ಅನುಕೂಲ ದೆಹಲಿಯವರಿಗೆ ಇಲ್ಲ. ಇದಕ್ಕೆ ಪೋರ್ಚುಗೀಸ್ ಸೇರಿಸಿಕೊಂಡರೆ ಲಿಸ್ಬನ್ನಿನ ಟೊರೆ ಡೊ ಟೊಂಬೊ ಪತ್ರಾಗಾರದಲ್ಲಿರುವ, ಪೋರ್ಚುಗಲ್‌ನ ಅಂದಿನ ಸರ್ವಾಧಿಕಾರಿ ಸಲಾಜಾರ್ ಕಾಗದಗಳನ್ನೂ ಓದಬಹುದು. ಗೋವಾ ವಿಶ್ವವಿದ್ಯಾಲಯದಲ್ಲಿ ಆ ಭಾಷೆ ಕಲಿಸುತ್ತಾರೆ.

ನೆಟ್ ಪರೀಕ್ಷೆಯ ವಿಷಯ ಕೋಡ್: ರಾಜ್ಯಶಾಸ್ತ್ರ 02, ಅಂತರರಾಷ್ಟ್ರೀಯ ಅಧ್ಯಯನ 90, ರಕ್ಷಣಾ ಅಧ್ಯಯನ 11. ಕೋಡ್ ತುಂಬುವ ಮೊದಲು ನೀವು ಸೇರಬೇಕೆಂದಿರುವ ವಿಭಾಗ ಯಾವುದನ್ನು ಒಪ್ಪುತ್ತದೆ ಅಂತ ನೋಡಿ. ಜೆಆರ್‌ಎಫ್ (ಸಂಶೋಧನಾ ವೇತನ) ಸಿಗದೆ ಪಿಎಚ್.ಡಿ. ಪ್ರವೇಶಕ್ಕಷ್ಟೇ ಅರ್ಹರಾದರೆ ಆ ಅಂಕ ಒಂದೇ ವರ್ಷ ನಡೆಯುತ್ತದೆ, ಆಯ್ಕೆಯಲ್ಲಿ ನೆಟ್‌ಗೆ ಶೇ. 70, ಸಂದರ್ಶನಕ್ಕೆ 30.

ಗೈಡ್‌ಗೆ ಬರೆಯುವ ಮೊದಲ ಮೇಲ್ ಒಂದು ಪುಟ ಮೀರಬಾರದು. ನಿಮ್ಮ ಪ್ರಶ್ನೆ, ಕಡತ ಎಲ್ಲಿದೆ, ಯಾವ ಭಾಷೆ ಬರುತ್ತದೆ, ಅವರ ಯಾವ ಪೇಪರಿನ ಯಾವ ಮಾತನ್ನು ನೀವು ಒಪ್ಪುವುದಿಲ್ಲ, ಇಷ್ಟು ಸಾಕು. ಕೊನೆಯದನ್ನು ಬರೆಯಲು ಹೆದರಬೇಡಿ, ಓದಿದವರಷ್ಟೇ ತಕರಾರು ತೆಗೆಯುತ್ತಾರೆ ಅಂತ ಅವರಿಗೂ ಗೊತ್ತು. ಸೀಟಿನ ವಿಚಾರ ಮಾತ್ರ ವಿಭಾಗದ ಕಚೇರಿಯಲ್ಲಿ ಕೇಳಿ. ಪ್ರೊಫೆಸರಿಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ವಿದ್ಯಾರ್ಥಿಗಳ ಮಿತಿ ಇದೆ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ‘ಸರ್, ತಮ್ಮ ರಿಟೈರ್‌ಮೆಂಟ್ ಯಾವಾಗ’ ಅಂತ ಮೇಲ್‌ನಲ್ಲಿ ಕೇಳಿದವರಿಗೆ ಉತ್ತರ ಬರುವುದಿಲ್ಲ.